ಬಿಸಿಲಿಗೆ ಸಬ್ಸಿಡಿ, ಕತ್ತಲೆಗೆ ಸಾಲ



ಸೂರ್ಯನ ಬಿಸಿಲಿಗೆ ಇನ್ನೂ ಯಾವ ಸರ್ಕಾರವೂ ಕಂದಾಯ ಹಾಕಿಲ್ಲ. ಆದರೆ ಆ ಬಿಸಿಲನ್ನು ಹಿಡಿದು ಮನೆಯೊಳಗೆ ದೀಪ ಉರಿಸಲು ಹೊರಟರೆ, ದಾರಿಯುದ್ದಕ್ಕೂ ತೆರಿಗೆ, ಬಡ್ಡಿ, ಕಮಿಷನ್ನು ಕಾದು ಕೂತಿವೆ. ಈಗ ಹಳ್ಳಿ ಹಳ್ಳಿಗೂ ಸೋಲಾರ್ ಮಾರುವವರು ಬರ್ತಿದಾರೆ. ಮಾಳಿಗೆ ಅಳೀತಾರೆ, ಆಧಾರ್ ಕೇಳ್ತಾರೆ, ಕರೆಂಟ್ ಬಿಲ್ಲು ಕೇಳ್ತಾರೆ. “ಮೂರು ಕಿಲೋವಾಟ್ ಹಾಕಿಸಿ ಗೌಡ್ರೇ, ಸಬ್ಸಿಡಿ ಬರ್ತದೆ, ಬಿಲ್ಲು ಸೊನ್ನೆ ಆಗ್ತದೆ” ಅಂತಾರೆ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. “ನಿಮ್ಮ ಮನೆಗೆ ರಾತ್ರಿ ಎಷ್ಟು ಕರೆಂಟು ಬೇಕು?”

ಈ ಪ್ರಶ್ನೆಯನ್ನು ಅವರು ಕೇಳದಿದ್ದರೆ ನಾವೇ ಕೇಳಿಕೊಳ್ಳಬೇಕು. ಕೇಳಿಕೊಳ್ಳದೆ ಸಹಿ ಹಾಕಿದರೆ ಮಾಳಿಗೆ ಮೇಲೆ ಗಾಜು, ಮನೆಯೊಳಗೆ ಕತ್ತಲೆ, ಬ್ಯಾಂಕಿನಲ್ಲಿ ಸಾಲ. ಇಷ್ಟೇ ನಮಗೆ ಉಳಿಯುವುದು.

ಯೋಜನೆ ಯಾರಿಗಾಗಿ?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಲೆಕ್ಕ. ಮೊದಲ 2 ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಅದಕ್ಕಿಂತ ದೊಡ್ಡದು ಹಾಕಿಸಿದರೂ 78,000 ದಾಟುವುದಿಲ್ಲ. ಕೇಳಲು ಬಹಳ ಚೆನ್ನಾಗಿದೆ.

ಆದರೆ ಈ ಹಣ ಕಂಬದ ಲೈನಿಗೆ ಸೇರಿಸಿದ ಸೋಲಾರಿಗೆ ಮಾತ್ರ. ಲೈನಿನ ಹಂಗಿಲ್ಲದೆ ಬ್ಯಾಟರಿ ಮೇಲೆ ನಡೆಯುವ ಸೋಲಾರಿಗೆ ಒಂದು ಪೈಸೆಯೂ ಇಲ್ಲ. ಲೈನಿಗೂ ಸೇರಿಸಿ ಬ್ಯಾಟರಿಯನ್ನೂ ಇಟ್ಟುಕೊಂಡರೆ ಪ್ಯಾನೆಲ್ಲಿಗೆ ಸಹಾಯಧನ ಉಂಟು, ಬ್ಯಾಟರಿಯ ಖರ್ಚು ಪೂರ್ತಿ ನಮ್ಮದೇ.

ಇದರ ಅರ್ಥ ಏನು? ಬರೀ ಲೈನಿಗೆ ಸೇರಿಸಿದ ಸೋಲಾರು ಕಂಬದ ಕರೆಂಟು ಹೋದ ಕ್ಷಣವೇ ತಾನೂ ನಿಂತುಹೋಗುತ್ತದೆ. ಮಟಮಟ ಮಧ್ಯಾಹ್ನ, ತಲೆ ಸುಡುವ ಬಿಸಿಲಿದ್ದರೂ ನಿಂತುಹೋಗುತ್ತದೆ. ಅದು ಕೆಟ್ಟದ್ದಲ್ಲ, ಅದನ್ನು ಮಾಡಿರುವುದೇ ಹಾಗೆ. ಲೈನ್ ಆಫ್ ಆಗಿದೆ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ನಮ್ಮ ಮಾಳಿಗೆಯಿಂದ ಕರೆಂಟು ಹರಿದರೆ ಆತನ ಜೀವಕ್ಕೆ ಅಪಾಯ. ಆದ್ದರಿಂದ ನಿಲ್ಲುವುದು ಸರಿಯೇ. ಆದರೆ ಈ ಮಾತನ್ನು ಸಹಿ ಹಾಕುವ ಮೊದಲು ಹೇಳಬೇಕೋ ಬೇಡವೋ? ಪೇಟೆಯಲ್ಲಿ ಕರೆಂಟು ಹೋಗುವುದು ಅಪರೂಪ, ಅವರಿಗೆ ಈ ಯೋಜನೆ ಒಗ್ಗುತ್ತದೆ. ಗಾಳಿ ಬೀಸಿದರೆ ಲೈನು ಹೋಗುವ ಊರಿನ ರೈತನಿಗೆ ಬೇಕಾಗಿರುವುದು ಮಧ್ಯಾಹ್ನದ ಕರೆಂಟಲ್ಲ, ರಾತ್ರಿಯದು. ಹಾವು ಚೇಳು ಬರುವುದು, ಮಗು ಪುಸ್ತಕ ಹಿಡಿಯುವುದು, ಹಸು ಕರು ಹಾಕುವುದು ಕರೆಂಟಿನ ವೇಳಾಪಟ್ಟಿ ನೋಡಿಕೊಂಡಲ್ಲ.

ಸೊನ್ನೆಯನ್ನು ಸೊನ್ನೆ ಮಾಡುವ ಜಾಣ್ಮೆ

ಇನ್ನು “ಬಿಲ್ಲು ಸೊನ್ನೆ” ಅನ್ನುವ ಮಾತು. 2023ರ ಆಗಸ್ಟಿನಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 2022-23ರಲ್ಲಿ ಬಳಸಿದ ಸರಾಸರಿಗೆ ಒಂದಿಷ್ಟು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲಿಲ್ಲ. ಹಳ್ಳಿಯ ಬಹುಪಾಲು ಮನೆಗಳು ಈ ಮಿತಿಯ ಒಳಗೇ ಇವೆ. ಆಗಲೇ ಸೊನ್ನೆಯಾದ ಬಿಲ್ಲನ್ನು ಲಕ್ಷಗಟ್ಟಲೆ ಸುರಿದು ಮತ್ತೆ ಸೊನ್ನೆ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಒಂದು ಲೆಕ್ಕ ಹಾಕೋಣ. ಮೂರು ಕಿಲೋವಾಟಿಗೆ ಮಾರುವವನು 2,00,000 ರೂಪಾಯಿ ಹೇಳಿದ ಎಂದಿಟ್ಟುಕೊಳ್ಳಿ. ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ, ಕೆಲಸ ಮುಗಿದು ತಪಾಸಣೆ ಆದ ಮೇಲೆ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ನಮ್ಮ ತಲೆ ಮೇಲೆ. ಸಬ್ಸಿಡಿ ಬಂದ ಮೇಲೂ 1,22,000 ಉಳಿಯಿತು. ನೂರಕ್ಕೆ ವರ್ಷಕ್ಕೆ 7ರ ಬಡ್ಡಿಯಾದರೆ ಮೊದಲ ವರ್ಷದ ಬಡ್ಡಿಯೇ 8,540. ಬ್ಯಾಂಕು ಕೊಡಲಿಲ್ಲ, ಊರಿನ ಸಾಹುಕಾರನ ಹತ್ತಿರ ತಿಂಗಳಿಗೆ ನೂರಕ್ಕೆ ಎರಡರಂತೆ ತಂದರೆ 29,280. ಬಿಲ್ಲೇ ಕಟ್ಟದ ಮನೆಗೆ ಇದರಿಂದ ಉಳಿತಾಯ ಎಷ್ಟು? ನೀವೇ ಹೇಳಿ.

ಒಂದು ಕಿಲೋವಾಟ್ ಪ್ಯಾನೆಲ್ ನಮ್ಮ ಸೀಮೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವಾಟ್ ಅಂದರೆ ತಿಂಗಳಿಗೆ ಸುಮಾರು 360 ಯೂನಿಟ್. ಮನೆ ಬಳಸುವುದು 80 ಆದರೆ ಮಿಕ್ಕದ್ದೆಲ್ಲ ಲೈನಿಗೆ. ಅದರ ಬೆಲೆ ಕಟ್ಟುವವರು ನಾವಲ್ಲ, ಆಯೋಗ. ರಾಗಿ, ಕೊಬ್ಬರಿ, ಈರುಳ್ಳಿಗೆ ಬೇರೆಯವರು ಬೆಲೆ ಕಟ್ಟಿದ್ದು ಸಾಲದು ಅಂತ ಈಗ ಬಿಸಿಲಿಗೂ ಬೇರೆಯವರೇ ಬೆಲೆ ಕಟ್ಟಬೇಕೆ?

ಒಂದು ಮಾತು ನ್ಯಾಯವಾಗಿ ಹೇಳಬೇಕು. 200 ಯೂನಿಟ್ ದಾಟಿ ಪ್ರತಿ ತಿಂಗಳು ದೊಡ್ಡ ಬಿಲ್ಲು ಕಟ್ಟುವ ಮನೆ, ಹಗಲಿನಲ್ಲಿ ಲೈನು ಗಟ್ಟಿಯಾಗಿರುವ ಊರು, ಕೈಯಲ್ಲಿ ಸ್ವಂತ ದುಡ್ಡು ಇರುವವರು. ಇವರಿಗೆ ಈ ಯೋಜನೆ ಲಾಭವೇ. ಅವರು ಹಾಕಿಸಲಿ. ಉಳಿದವರು ಮೊದಲು ಲೆಕ್ಕ ಹಾಕಲಿ.

ಲೆಕ್ಕ ದೀಪದಿಂದ ಶುರುವಾಗಲಿ, ಮಾಳಿಗೆಯಿಂದಲ್ಲ

ಮಾರುವವನು ಮಾಳಿಗೆ ಅಳೆದು ಲೆಕ್ಕ ಶುರು ಮಾಡುತ್ತಾನೆ. ನಾವು ದೀಪ ಎಣಿಸಿ ಶುರು ಮಾಡಬೇಕು. ದೀಪದಿಂದ ಬ್ಯಾಟರಿ, ಬ್ಯಾಟರಿಯಿಂದ ಪ್ಯಾನೆಲ್. ಇದೇ ಸರಿಯಾದ ಕ್ರಮ.

ಕರೆಂಟು ಹೋದಾಗ ನಡೆಯಲೇಬೇಕಾದದ್ದು ಏನೇನು? 9 ವಾಟಿನ ಆರು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 270 ವಾಟ್‌ಗಂಟೆ. 75 ವಾಟಿನ ಎರಡು ಹಳೇ ಫ್ಯಾನು ಎಂಟು ಗಂಟೆ ತಿರುಗಿದರೆ 1,200. 60 ವಾಟಿನ ಟಿವಿ ಮೂರು ಗಂಟೆಗೆ 180. ಮೊಬೈಲು, ಟಾರ್ಚಿಗೆ 50. ಒಟ್ಟು 1,700. ಸಾವಿರ ವಾಟ್‌ಗಂಟೆಗೆ ಒಂದು ಯೂನಿಟ್, ಅಂದರೆ 1.7 ಯೂನಿಟ್.

ಈಗ ಆ ಎರಡು ಹಳೇ ಫ್ಯಾನು ತೆಗೆದು 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ. 1,200 ಇದ್ದದ್ದು 480ಕ್ಕೆ ಇಳಿಯಿತು. ಒಟ್ಟು 980. ಎರಡು ಫ್ಯಾನು ಬದಲಾಯಿಸಿದ್ದಕ್ಕೆ ಹೆಚ್ಚುಕಡಿಮೆ ಅರ್ಧ ಬ್ಯಾಟರಿ ಉಳಿಯಿತು. ಈ ಗುಟ್ಟನ್ನು ಬ್ಯಾಟರಿ ಮಾರುವವನು ಯಾಕೆ ಹೇಳ್ತಾನೆ?

980ಕ್ಕೆ ಇನ್ವರ್ಟರ್ ತಾನು ನುಂಗುವುದನ್ನೂ ಸೇರಿಸಿ, ಸುಮಾರು 1,150. ಸೀಸದ ಟ್ಯೂಬ್ಯುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಸ್ಸು ಕಡಿಮೆ. ಆದ್ದರಿಂದ ಎರಡರಷ್ಟು, 2,300. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 192. ಒಂದು 200 ಎ.ಎಚ್. ಬ್ಯಾಟರಿ ಸಾಕು. ಹಳೇ ಫ್ಯಾನೇ ಇದ್ದಿದ್ದರೆ ಇದೇ ಲೆಕ್ಕಕ್ಕೆ 333 ಎ.ಎಚ್., ಅಂದರೆ ಎರಡು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ನೂರಕ್ಕೆ ಎಂಬತ್ತು ಪಾಲು ಬಳಸಬಹುದು, 120 ಎ.ಎಚ್. ಸಾಕಾಗುತ್ತದೆ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ, ನೀರು ಹಾಕುವ ಕೆಲಸವಿಲ್ಲ. ಆದರೆ ಅದಕ್ಕೆ ಹೊಂದುವ ಇನ್ವರ್ಟರೇ ಬೇಕು.

ಇನ್ನು ಪ್ಯಾನೆಲ್. ಬ್ಯಾಟರಿ ತುಂಬುವಾಗ ಸೋರುವುದೂ ಸೇರಿ ದಿನಕ್ಕೆ ಸುಮಾರು 1,450 ವಾಟ್‌ಗಂಟೆ ಬೇಕು. ಒಂದು ವಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ವಾಟ್‌ಗಂಟೆ ಕೊಟ್ಟರೆ 360 ವಾಟ್ ಆಯಿತು. 400 ವಾಟಿನ ಒಂದೇ ಪ್ಯಾನೆಲ್ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಅರ್ಧವೂ ಬರುವುದಿಲ್ಲ. ಆಗ ಕಂಬದ ಕರೆಂಟು ಬಂದಾಗ ಅದರಿಂದಲೂ ಬ್ಯಾಟರಿ ತುಂಬುವಂಥ ಇನ್ವರ್ಟರ್ ಇರಲಿ. ಚಾರ್ಜ್ ಮಾಡುವ ಸಾಧನ ಎಂಪಿಪಿಟಿ ಜಾತಿಯದೇ ಇರಬೇಕು. ಈಗಿನ ದೊಡ್ಡ ಪ್ಯಾನೆಲ್ಲಿಗೆ ಅಗ್ಗದ ಪಿಡಬ್ಲ್ಯುಎಂ ಹಾಕಿ 12 ವೋಲ್ಟಿನ ಬ್ಯಾಟರಿಗೆ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಬಿಸಿಲು ಪೋಲು.

ನೋಡಿದಿರಾ? ಅವರು ಹೇಳಿದ್ದು 3,000 ವಾಟ್. ನಮಗೆ ಬೇಕಾದದ್ದು 400.

ಬ್ಯಾಟರಿ ಅಂದರೆ ಎತ್ತಿದ್ದ ಹಾಗೆ

ಪ್ಯಾನೆಲ್ 25 ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ನಾಲ್ಕೈದು ವರ್ಷ. ಅಂದರೆ ಒಂದು ಪ್ಯಾನೆಲ್ ಸಾಯುವುದರೊಳಗೆ ಐದು ಬ್ಯಾಟರಿ ಸಾಯುತ್ತವೆ. 18,000 ರೂಪಾಯಿಯ ಬ್ಯಾಟರಿ ನಾಲ್ಕು ವರ್ಷ ಬಂತು ಎಂದಿಟ್ಟುಕೊಂಡರೆ 1,460 ದಿನ, ದಿನಕ್ಕೆ 12 ರೂಪಾಯಿ ಚಿಲ್ಲರೆ, ಅದೂ ಒಂದು ಯೂನಿಟ್ಟಿಗೆ. ಕಂಬದ ಕರೆಂಟಿನ ದರದ ಸುಮಾರು ಎರಡರಷ್ಟು. ಪ್ಯಾನೆಲ್ಲಿನ ಖರ್ಚು ಬೇರೆ. ಆದ್ದರಿಂದ ಬ್ಯಾಟರಿಯಿಂದ ಉಳಿತಾಯ ಆಗುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಬ್ಯಾಟರಿ ಉಳಿತಾಯಕ್ಕಲ್ಲ, ಕತ್ತಲೆಯ ಕಾವಲಿಗೆ. ಕಾವಲಿಗೆ ಎಷ್ಟು ಬೇಕೋ ಅಷ್ಟೇ ಇಟ್ಟುಕೊಳ್ಳಿ. ಪಂಪ್‌ಸೆಟ್ಟನ್ನು ಮನೆಯ ಬ್ಯಾಟರಿಗೆ ಕಟ್ಟುವ ಯೋಚನೆಯೇ ಬೇಡ. 5 ಎಚ್‌ಪಿ ಮೋಟಾರು ಗಂಟೆಗೆ ಮೂರೂಮುಕ್ಕಾಲು ಯೂನಿಟ್ ಎಳೆಯುತ್ತದೆ. ಅದಕ್ಕೆ 2019ರ ಪಿಎಂ ಕುಸುಮ್ ಬೇರೆಯೇ ಇದೆ.

ಎತ್ತಿಗೆ ಮೇವು ನೀರು ನೋಡಿದ ಹಾಗೆ ಇದನ್ನೂ ನೋಡಬೇಕು. ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರೇ ಹಾಕಿ, ಬೋರ್‌ವೆಲ್ ನೀರಲ್ಲ. ಅದರಿಂದ ಉರಿಯುವ ಗಾಳಿ ಬರುತ್ತದೆ, ಒಲೆ ಹತ್ತಿರ ಇಡಬೇಡಿ, ಗಾಳಿಯಾಡುವ ಜಾಗದಲ್ಲಿಡಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ತೆಂಗಿನ ಒಂದು ಗರಿಯ ನೆರಳು ಬಿದ್ದರೂ ಇಡೀ ಪ್ಯಾನೆಲ್ಲಿನ ಕರೆಂಟು ಕುಸಿಯುತ್ತದೆ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಧೂಳು ತೊಳೆಯಿರಿ. ಅರ್ಥಿಂಗ್ ಇಲ್ಲದೆ ಕೆಲಸ ಮುಗಿಸಲು ಬಿಡಬೇಡಿ.

ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ

2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ. ಸೀಸದ ಬ್ಯಾಟರಿಗೆ 28 ಇದ್ದದ್ದು 18ಕ್ಕೆ ಇಳಿಯಿತು. ಆದರೂ 18 ಯಾಕೆ? 25 ವರ್ಷಕ್ಕೊಮ್ಮೆ ಕೊಳ್ಳುವುದಕ್ಕೆ 5, ನಾಲ್ಕು ವರ್ಷಕ್ಕೊಮ್ಮೆ ಬಿಡಿಯಾಗಿ ಕೊಳ್ಳಲೇಬೇಕಾದದ್ದಕ್ಕೆ 18! 18,000ದ ಮೇಲೆ ತೆರಿಗೆಯೇ 3,240. ಹಗಲಿಗೆ ರಿಯಾಯಿತಿ, ರಾತ್ರಿಗೆ ದಂಡ.

ಸಣ್ಣ ಸೋಲಾರಿಗೆ ಸಹಾಯ ಕೊಡಲು ಆಗುವುದಿಲ್ಲ ಅನ್ನುವ ಹಾಗಿಲ್ಲ. 2010ರಲ್ಲಿ ಶುರುವಾದ ರಾಷ್ಟ್ರೀಯ ಸೌರ ಮಿಷನ್ನಿನಲ್ಲಿ ಬ್ಯಾಟರಿ ಸಮೇತದ ಮನೆದೀಪಕ್ಕೆ ನಬಾರ್ಡ್ ಮೂಲಕ ಬ್ಯಾಂಕುಗಳಲ್ಲೇ ಸಾಲವೂ ಸಹಾಯಧನವೂ ಸಿಕ್ಕಿತ್ತು. ಅದಕ್ಕೂ ಮೊದಲು, 1995ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾದ ಸೆಲ್ಕೊ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ಜೊತೆ ಎರಡು ದೀಪ, ನಾಲ್ಕು ದೀಪದ ಸೋಲಾರನ್ನು ಬಡವರ ಮನೆಗೆ ಮುಟ್ಟಿಸಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯೋಜನೆ ಬರೆಯುವಾಗ ಆ ಪಾಠ ಮರೆತರು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು:

1. ಒಂದು ಕಿಲೋವಾಟಿಗಿಂತ ಚಿಕ್ಕದಾದ, ಬ್ಯಾಟರಿ ಸಮೇತದ ಮನೆ ಸೋಲಾರಿಗೂ ಸಹಾಯಧನ ಕೊಡಿ.
2. ಬಿಡಿ ಬ್ಯಾಟರಿಯ ಜಿಎಸ್‌ಟಿಯನ್ನೂ ನೂರಕ್ಕೆ 5ಕ್ಕೆ ಇಳಿಸಿ.
3. ಕಂಬದ ಕರೆಂಟು ಹೋದಾಗ ಈ ಸೋಲಾರು ನಡೆಯುತ್ತದೋ ಇಲ್ಲವೋ ಎಂಬುದನ್ನು ಅರ್ಜಿಯ ಮೊದಲ ಪುಟದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿ.
4. ಸಹಾಯಧನ ಕಳೆದ ಮೇಲಿನ ಹಣವನ್ನಷ್ಟೇ ರೈತನಿಂದ ಕೇಳಿ, ಪೂರ್ತಿ ಹಣಕ್ಕೆ ಸಾಲ ಮಾಡಿಸಬೇಡಿ.

ಸರ್ಕಾರ ಕೇಳುವವರೆಗೆ ನಾವು ಮಾಡಬೇಕಾದದ್ದೂ ಇದೆ. ಮೂರು ಕಡೆ ದರ ಕೇಳಿ. ಪ್ಯಾನೆಲ್ ಎಷ್ಟು ವಾಟ್, ಬ್ಯಾಟರಿ ಎಷ್ಟು ಎ.ಎಚ್., ಕೆಟ್ಟರೆ ಬರುವವರು ಯಾರು, ಎಲ್ಲ ಬರಹದಲ್ಲಿ ಬರಲಿ. 60 ತಿಂಗಳ ವಾರಂಟಿ ಅಂದರೆ ಎಷ್ಟು ತಿಂಗಳು ಪುಕ್ಕಟೆ ಬದಲಿ, ಎಷ್ಟು ತಿಂಗಳು ಬರೀ ರಿಯಾಯಿತಿ ಅಂತ ಬಿಡಿಸಿ ಕೇಳಿ. ಬೆಳೆ ಸಾಲದ ದುಡ್ಡನ್ನು ಮಾಳಿಗೆ ಮೇಲೆ ಹಾಕಬೇಡಿ, ಬೆಳೆ ಕೈಕೊಟ್ಟ ವರ್ಷ ಬಿಸಿಲು ಕಂತು ಕಟ್ಟುವುದಿಲ್ಲ. ಊರಿನಲ್ಲಿ ಹತ್ತು ಮನೆಯವರು ಸೇರಿ ಒಟ್ಟಿಗೆ ಕೊಂಡರೆ ಬೆಲೆ ಚೌಕಾಸಿ ಮಾಡಬಹುದು, ರಿಪೇರಿಯವನನ್ನೂ ಕರೆಸಬಹುದು. ಒಬ್ಬೊಬ್ಬರೇ ಹೋದರೆ ಅವನು ಹೇಳಿದ್ದೇ ಬೆಲೆ.

ಬಿಸಿಲು ನಮ್ಮದು, ಮಾಳಿಗೆ ನಮ್ಮದು, ಸಾಲದ ಪತ್ರದ ಮೇಲಿನ ಹೆಬ್ಬೆಟ್ಟೂ ನಮ್ಮದೇ. ಹಾಗಿದ್ದ ಮೇಲೆ ಲೆಕ್ಕ ಮಾತ್ರ ಯಾಕೆ ಬೇರೆಯವರದ್ದಾಗಬೇಕು? ಈ ರಾತ್ರಿಯೇ ಕೂತು ದೀಪ ಎಣಿಸಿ. ಎಣಿಸಿ ಮುಗಿಯುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.