ಖಾಲಿ ಕಾಲಂ ಕಲಿಸುವ ಪಾಠ

ಜೂನ್ ತಿಂಗಳು ಬಂತೆಂದರೆ ಶಾಲಾ ಕಾಲೇಜುಗಳ ಫೀ ಕೌಂಟರಿನ ಮುಂದೆ ಉದ್ದನೆಯ ಸಾಲು. ಕಾದು ಕಾದು ಹಣ ಕಟ್ಟಿದ ಪೋಷಕರು ರಸೀದಿಯಲ್ಲಿ ಮಗುವಿನ ಹೆಸರು ಸರಿಯಿದೆಯೇ, ಮೊತ್ತ ಸರಿಯಿದೆಯೇ ಎಂದಷ್ಟೇ ನೋಡಿ ಜೇಬಿಗಿಳಿಸುತ್ತಾರೆ. ಆದರೆ ಅದೇ ರಸೀದಿಯ ಕೆಳಗೆ ಪುಟ್ಟ ಅಕ್ಷರಗಳಲ್ಲಿ ಇನ್ನೊಂದು ಸಂಗತಿ ಇರುತ್ತದೆ: ಹಣ ಬಂದದ್ದು ನಗದಾಗಿಯೋ, ಚೆಕ್ಕಿನಲ್ಲೋ, ಡಿ.ಡಿ.ಯಲ್ಲೋ? ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗೆ ಈ ಒಂದು ಸಾಲಿನಲ್ಲೇ ದೊಡ್ಡದೊಂದು ಪಾಠ ಅಡಗಿದೆ.

ಫೀ ಲೆಕ್ಕ ಇಡುವ ಪ್ರೋಗ್ರಾಂ ಬರೆಯಲು ಹೇಳಿದರೆ ಹೊಸಬರು ಸಾಮಾನ್ಯವಾಗಿ ಲೆಡ್ಜರಿನಲ್ಲಿದ್ದಂತೆ ಕಾಲಂಗಳನ್ನು ಎಳೆಯುತ್ತಾರೆ. ಮೊತ್ತಕ್ಕೊಂದು, ಪಾವತಿಯ ಬಗೆಗೊಂದು, ಚೆಕ್ ಅಥವಾ ಡಿ.ಡಿ. ಸಂಖ್ಯೆಗೊಂದು, ಬ್ಯಾಂಕಿನ ಹೆಸರಿಗೊಂದು. ನಗದು ಕಟ್ಟಿದವರ ಸಾಲಿನಲ್ಲಿ ಕೊನೆಯ ಎರಡು ಕಾಲಂ ಖಾಲಿ ಬಿಟ್ಟರಾಯಿತು. ನೋಡಲು ಅಚ್ಚುಕಟ್ಟಾಗಿಯೇ ಇದೆ. ತೊಡಕು ಇರುವುದು ಆ ಖಾಲಿ ಕಾಲಂಗಳಲ್ಲಿ.

ಲೆಕ್ಕ ಹಾಕಿ ನೋಡಬಹುದು. ಪಾವತಿಯ ಬಗೆಗಳು 3. ಸಂಖ್ಯೆಯ ಕಾಲಂ ತುಂಬಿರಬಹುದು ಇಲ್ಲವೇ ಖಾಲಿ ಇರಬಹುದು, ಅಲ್ಲಿಗೆ 2 ಸಾಧ್ಯತೆ. ಬ್ಯಾಂಕಿನ ಕಾಲಮಿಗೂ 2. ಒಟ್ಟು 3×2×2, ಅಂದರೆ 12 ಸಾಧ್ಯತೆಗಳು. ಇವುಗಳಲ್ಲಿ ಅರ್ಥವುಳ್ಳವು ಮೂರೇ ಮೂರು: ನಗದಾದರೆ ಎರಡೂ ಖಾಲಿ, ಚೆಕ್ಕಾದರೆ ಎರಡೂ ಭರ್ತಿ, ಡಿ.ಡಿ.ಯಾದರೂ ಎರಡೂ ಭರ್ತಿ. ಉಳಿದ 9 ಅಸಂಬದ್ಧ. ಅನುಭವಿ ಗುಮಾಸ್ತರಾದರೆ ‘ಇದೇನ್ರೀ, ನಗದು ಹಣಕ್ಕೆ ಚೆಕ್ ನಂಬರ್ ಎಲ್ಲಿಂದ ಬಂತು?’ ಎಂದು ತಲೆಯೆತ್ತಿ ಕೇಳಿಯಾರು. ಕಂಪ್ಯೂಟರ್ ಕೇಳುವುದಿಲ್ಲ, ಕೊಟ್ಟದ್ದನ್ನೆಲ್ಲ ತೆಪ್ಪಗೆ ಬರೆದಿಟ್ಟುಕೊಳ್ಳುತ್ತದೆ. ಸಂಖ್ಯೆಯಿಲ್ಲದ ಚೆಕ್ಕಿನ ನಮೂದು ಬ್ಯಾಂಕಿನ ಪಟ್ಟಿಗೆ ತಾಳೆಯಾಗದೆ, ಹಣ ಕಟ್ಟಿದವರ ಮನೆಗೇ ‘ಫೀ ಬಾಕಿ ಇದೆ’ ಎಂಬ ನೋಟಿಸು ಹೋಗಬಹುದು. ಪರೀಕ್ಷೆ ಹತ್ತಿರ ಬಂದಾಗ ಪ್ರವೇಶ ಪತ್ರ ಸಿಗದೆ ಪರದಾಡುವ ಹುಡುಗಿಗೆ ಅದು ಬರೀ ಪ್ರೋಗ್ರಾಮಿನ ದೋಷವಾಗಿ ಉಳಿಯುವುದಿಲ್ಲ.

ಖಾಲಿ ಜಾಗದ ಈ ಪೀಡೆ ಹಳೆಯದು. ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಯನ್ನು ರೂಪಿಸುವಾಗ ‘ಇಲ್ಲಿ ಏನೂ ಇಲ್ಲ’ ಎಂದು ಸೂಚಿಸುವ ‘ನಲ್’ ಎಂಬ ಗುರುತನ್ನು ಸೇರಿಸಿದರು. ಸೇರಿಸುವುದು ಸುಲಭವಾಗಿತ್ತು. ಏನೋ ಇದೆಯೆಂದು ನಂಬಿ ಕೈಹಾಕಿದ ಪ್ರೋಗ್ರಾಂಗಳು ಏನೂ ಸಿಗದೆ ಮುಗ್ಗರಿಸತೊಡಗಿದ್ದು ಆಮೇಲೆ. 2009ರಲ್ಲಿ ಹೋರ್ ಅವರೇ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಕರೆದುಕೊಂಡರು.

ಇಂಥ ತಪ್ಪುಗಳನ್ನು ಬಾಗಿಲಲ್ಲೇ ತಡೆಯುವ ಉಪಾಯಕ್ಕೆ ‘ಟೈಪ್’ ಎಂದು ಹೆಸರು. ಒಂದು ಮಾಹಿತಿಯಲ್ಲಿ ಏನೇನು ಇರಬಹುದು, ಏನು ಇರಕೂಡದು ಎಂಬುದನ್ನು ಟೈಪ್ ಮೊದಲೇ ಸಾರುತ್ತದೆ. ಪ್ರೋಗ್ರಾಂ ಓಡುವ ಮುನ್ನವೇ ಕಂಪೈಲರ್ ಅದನ್ನು ಪರಿಶೀಲಿಸುತ್ತದೆ. ಟೈಪ್‌ಗಳನ್ನು ಹೆಣೆಯುವಲ್ಲಿ ಎರಡು ಮುಖ್ಯ ಪದ್ಧತಿಗಳು ಬೆಳೆದುಬಂದಿವೆ.

ಮೊದಲನೆಯದು ಫಂಕ್ಷನಲ್ ಪದ್ಧತಿ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಎಂ.ಎಲ್. ಭಾಷೆಯನ್ನು ರೂಪಿಸಿದರು. ಅಲ್ಲಿಯೇ 1980ರಲ್ಲಿ ಹೋಪ್ ಎಂಬ ಭಾಷೆ ಬಂತು. ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ ಹೊರಬಿದ್ದದ್ದು 1990ರಲ್ಲಿ. ಇಂಥ ಭಾಷೆಗಳಲ್ಲಿ ಪಾವತಿಯನ್ನು ಹೀಗೆ ಹೇಳಬಹುದು: ಪಾವತಿ ಎಂದರೆ ನಗದು, ಅಥವಾ ಸಂಖ್ಯೆ ಮತ್ತು ಬ್ಯಾಂಕ್ ಇರುವ ಚೆಕ್, ಅಥವಾ ಸಂಖ್ಯೆ ಮತ್ತು ಬ್ಯಾಂಕ್ ಇರುವ ಡಿ.ಡಿ. ನಗದಿನಲ್ಲಿ ಚೆಕ್ ಸಂಖ್ಯೆ ಬರೆಯೋಣವೆಂದರೂ ಅದಕ್ಕೆ ಜಾಗವೇ ಇಲ್ಲ. ‘ಮತ್ತು’ ಎಂದಲ್ಲಿ ಸಾಧ್ಯತೆಗಳು ಗುಣಿಸಿಕೊಳ್ಳುತ್ತವೆ, ‘ಅಥವಾ’ ಎಂದಲ್ಲಿ ಕೂಡಿಕೊಳ್ಳುತ್ತವೆ. ಹಿಂದಿನ 3×2×2 ಇಲ್ಲಿ 1+1+1 ಆಗಿ, ಆ 9 ಅಸಂಬದ್ಧಗಳು ಹುಟ್ಟುವುದೇ ಇಲ್ಲ. ಇವಕ್ಕೆ ಬೀಜಗಣಿತದ ಟೈಪ್‌ಗಳೆಂಬ ಹೆಸರು ಬಂದದ್ದು ಈ ಗುಣಾಕಾರ ಸಂಕಲನಗಳಿಂದ. ರಸೀದಿ ಮುದ್ರಿಸುವುದು, ದಿನದ ಮೊತ್ತ ತೆಗೆಯುವುದು ಮುಂತಾದ ಕೆಲಸಗಳನ್ನು ಪ್ರತ್ಯೇಕ ಫಂಕ್ಷನ್‌ಗಳಾಗಿ ಬರೆಯಲಾಗುತ್ತದೆ. ಪ್ರತಿ ಫಂಕ್ಷನ್ ಮೂರೂ ಬಗೆಗಳಿಗೆ ಉತ್ತರ ಹೇಳಬೇಕು. ಒಂದನ್ನು ಮರೆತರೆ ಕಂಪೈಲರ್ ಎಚ್ಚರಿಸಬಲ್ಲದು.

ಎರಡನೆಯದು ಆಬ್ಜೆಕ್ಟ್ ಪದ್ಧತಿ. ಇದರ ತವರು ನಾರ್ವೆಯ ಓಸ್ಲೋ. ನಿಜ ಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಲು ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಕ್ಲಾಸ್ ಎಂಬ ಕಲ್ಪನೆ ಮೂಡಿತು. 1985ರಲ್ಲಿ ಮಾರುಕಟ್ಟೆಗೆ ಬಂದ ಸಿ ಪ್ಲಸ್ ಪ್ಲಸ್, 1995ರ ಜಾವಾ ಇದೇ ವಂಶದವು. ಇಲ್ಲಿ ‘ಪಾವತಿ’ ಎಂಬುದು ಮೂಲ ಕ್ಲಾಸ್. ನಗದು, ಚೆಕ್, ಡಿ.ಡಿ. ಅದರ ಮಕ್ಕಳು. ತನ್ನ ರಸೀದಿಯನ್ನು ಹೇಗೆ ಮುದ್ರಿಸಬೇಕು ಎಂಬುದು ಪ್ರತಿ ಮಗುವಿಗೂ ತಾನಾಗಿಯೇ ಗೊತ್ತು. ಚೆಕ್ಕಿನ ಸಂಖ್ಯೆ ಚೆಕ್ಕಿನ ಕ್ಲಾಸಿನಲ್ಲಿ ಮಾತ್ರ ಇರುವುದರಿಂದ ನಗದಿಗೆ ಸಂಖ್ಯೆ ಅಂಟಿಕೊಳ್ಳುವ ಭಯ ಇಲ್ಲಿಯೂ ಇಲ್ಲ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ಅದು ಗೊತ್ತಾಗುವುದು ಪ್ರೋಗ್ರಾಮನ್ನು ಬದಲಿಸಬೇಕಾಗಿ ಬಂದ ದಿನ. 2016ರಲ್ಲಿ ದೇಶದಲ್ಲಿ ಯುಪಿಐ ಬಂತು. ಫೀ ಕೌಂಟರಿನಲ್ಲೂ ಮೊಬೈಲಿನಿಂದ ಹಣ ಪಡೆಯಬೇಕಾಯಿತು ಎಂದಿಟ್ಟುಕೊಳ್ಳಿ. ಆಬ್ಜೆಕ್ಟ್ ಪದ್ಧತಿಯವರು ಯುಪಿಐ ಎಂಬ ಹೊಸ ಕ್ಲಾಸನ್ನು ಬರೆದು ಸೇರಿಸಿದರೆ ಸಾಕು, ಹಳೆಯ ಕ್ಲಾಸುಗಳನ್ನು ಮುಟ್ಟಬೇಕಾಗಿಲ್ಲ. ಫಂಕ್ಷನಲ್ ಪದ್ಧತಿಯವರು ಟೈಪಿಗೆ ನಾಲ್ಕನೆಯ ‘ಅಥವಾ’ ಸೇರಿಸಿ, ಬರೆದಿಟ್ಟ ಫಂಕ್ಷನ್‌ಗಳನ್ನೆಲ್ಲ ಒಂದೊಂದಾಗಿ ತಿದ್ದಬೇಕು. ಎಲ್ಲೆಲ್ಲಿ ತಿದ್ದಬೇಕೆಂದು ಕಂಪೈಲರ್ ತೋರಿಸುತ್ತದೆಂಬುದೇ ಸಮಾಧಾನ.

ಮರುವರ್ಷ ಆಡಳಿತ ಮಂಡಳಿ ಬೇರೆ ಬೇಡಿಕೆ ಇಟ್ಟಿತೆನ್ನಿ: ಇನ್ನೂ ಬ್ಯಾಂಕಿನಲ್ಲಿ ಜಮಾ ಆಗದ ಪಾವತಿಗಳ ಪಟ್ಟಿ ಬೇಕು. ಈಗ ತಕ್ಕಡಿ ಆ ಕಡೆ ವಾಲುತ್ತದೆ. ಫಂಕ್ಷನಲ್ ಪದ್ಧತಿಯಲ್ಲಿ ಒಂದು ಹೊಸ ಫಂಕ್ಷನ್ ಬರೆದರೆ ಕೆಲಸ ಮುಗಿಯಿತು. ಆಬ್ಜೆಕ್ಟ್ ಪದ್ಧತಿಯಲ್ಲಾದರೋ ನಾಲ್ಕೂ ಕ್ಲಾಸುಗಳನ್ನು ತೆರೆದು ಪ್ರತಿಯೊಂದಕ್ಕೂ ಈ ಹೊಸ ವಿದ್ಯೆಯನ್ನು ಕಲಿಸಬೇಕು.

ಒಂದು ಹಾಳೆಯ ಮೇಲೆ ಕೋಷ್ಟಕ ಎಳೆದರೆ ಇದು ಇನ್ನೂ ಸ್ಪಷ್ಟ. ಅಡ್ಡ ಸಾಲುಗಳಲ್ಲಿ ಪಾವತಿಯ ಬಗೆಗಳು, ಉದ್ದ ಸಾಲುಗಳಲ್ಲಿ ಮಾಡಬೇಕಾದ ಕೆಲಸಗಳು. ಆಬ್ಜೆಕ್ಟ್ ಪದ್ಧತಿ ಕೋಷ್ಟಕವನ್ನು ಅಡ್ಡಕ್ಕೆ ಕತ್ತರಿಸುತ್ತದೆ, ಫಂಕ್ಷನಲ್ ಪದ್ಧತಿ ಉದ್ದಕ್ಕೆ. ಹೇಗೆ ಕತ್ತರಿಸಿದರೂ ಇನ್ನೊಂದು ದಿಕ್ಕಿನಲ್ಲಿ ಬೆಳೆಸುವುದು ಕಷ್ಟ. ಈ ಎದುರುಬದುರು ಗುಣವನ್ನು ಜಾನ್ ರೆನಾಲ್ಡ್ಸ್ 1975ರಲ್ಲಿಯೇ ಗುರುತಿಸಿದ್ದರು. 1998ರಲ್ಲಿ ಫಿಲಿಪ್ ವಾಡ್ಲರ್ ಅದಕ್ಕೆ ‘ಎಕ್ಸ್‌ಪ್ರೆಷನ್ ಪ್ರಾಬ್ಲಂ’ ಎಂದು ಹೆಸರಿಟ್ಟರು. ಹಳೆಯದನ್ನು ಮುಟ್ಟದೆ, ಟೈಪ್‌ಗಳ ರಕ್ಷಣೆಯನ್ನೂ ಬಿಡದೆ, ಎರಡೂ ದಿಕ್ಕಿನಲ್ಲಿ ಬೆಳೆಸುವುದು ಹೇಗೆ ಎಂಬುದು ಆ ಪ್ರಶ್ನೆ. ಹಲವು ಭಾಷೆಗಳಲ್ಲಿ ಅದಕ್ಕೆ ಉಪಾಯಗಳು ಬಂದಿವೆ. ಪ್ರತಿಯೊಂದಕ್ಕೂ ಒಂದಷ್ಟು ಹೆಚ್ಚಿನ ತೊಡಕಿನ ಬೆಲೆ ತೆರಬೇಕು.

ಈ ನಡುವೆ ಎರಡು ಪದ್ಧತಿಗಳ ನಡುವಣ ಬೇಲಿ ಸಡಿಲವಾಗಿದೆ. ಆಬ್ಜೆಕ್ಟ್ ಪದ್ಧತಿಗೆ ಹೆಸರಾದ ಜಾವಾ, 2021ರ 17ನೇ ಆವೃತ್ತಿಯಲ್ಲಿ ಒಂದು ಕ್ಲಾಸಿಗೆ ಇಂತಿಷ್ಟೇ ಮಕ್ಕಳು ಎಂದು ಮುದ್ರೆಯೊತ್ತುವ ಸೌಲಭ್ಯವನ್ನು ಪಡೆಯಿತು. 2023ರ 21ನೇ ಆವೃತ್ತಿಯಲ್ಲಿ, ಆ ಮಕ್ಕಳಲ್ಲಿ ಯಾರನ್ನೂ ಮರೆತಿಲ್ಲವೆಂದು ಕಂಪೈಲರಿನಿಂದಲೇ ಪರೀಕ್ಷಿಸಿಕೊಳ್ಳುವ ಸೌಲಭ್ಯ ಬಂತು. ಇದು ಎಂ.ಎಲ್. ವಂಶದವರು ದಶಕಗಳಿಂದ ಬಳಸಿದ ವಿದ್ಯೆಯೇ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿಯೂ ಬೀಜಗಣಿತದ ಟೈಪ್‌ಗಳಿಗೆ ಮುಖ್ಯ ಸ್ಥಾನವಿದೆ.

‘ನಮ್ಮ ಹುಡುಗನಿಗೆ ಯಾವ ಭಾಷೆ ಕಲಿಸಿದರೆ ಒಳ್ಳೆಯದು?’ ಎಂದು ಕೇಳುವ ಪೋಷಕರು ಇದನ್ನು ಗಮನಿಸಬೇಕು. ಕೋರ್ಸಿಗೆ ಹಣ ಕಟ್ಟುವ ಮುನ್ನ ಮನೆಯಲ್ಲಿ ಪೆನ್ಸಿಲು ಕಾಗದದಲ್ಲಿ ಮಾಡಬಹುದಾದ ಅಭ್ಯಾಸವೊಂದಿದೆ. ಗ್ರಂಥಾಲಯದ ಪುಸ್ತಕವೊಂದನ್ನು ತೆಗೆದುಕೊಳ್ಳಿ. ಅದು ಕಪಾಟಿನಲ್ಲಿರಬಹುದು, ಯಾರೋ ಒಯ್ದಿರಬಹುದು, ಕಳೆದುಹೋಗಿರಬಹುದು. ಒಯ್ದವರ ಹೆಸರು, ಹಿಂದಿರುಗಿಸಬೇಕಾದ ದಿನಾಂಕ ಯಾವ ಸ್ಥಿತಿಯಲ್ಲಿ ಇರಲೇಬೇಕು, ಯಾವುದರಲ್ಲಿ ಇರಲೇಬಾರದು? ಮುಂದೆ ಹೆಚ್ಚುವುದು ಸ್ಥಿತಿಗಳೋ, ಗ್ರಂಥಪಾಲಕರು ಕೇಳುವ ಪಟ್ಟಿಗಳೋ? ಇಷ್ಟನ್ನು ಯೋಚಿಸಿ ಕೋಷ್ಟಕ ಎಳೆದ ವಿದ್ಯಾರ್ಥಿ, ತರಗತಿಯಲ್ಲಿ ಜಾವಾ ಇರಲಿ ಹ್ಯಾಸ್ಕೆಲ್ ಇರಲಿ, ಮೊದಲ ಸಾಲು ಬರೆಯುವ ಮುನ್ನವೇ ಅರ್ಧ ಕೆಲಸ ಮುಗಿಸಿರುತ್ತಾನೆ.