ಹಳೆಯ ಪ್ರಿಂಟರನ್ನು ಗುಜರಿಗೆ ಹಾಕುವ ಮೊದಲು



ಅಡಿಕೆ ತೂಕವಾಗಿರುತ್ತದೆ, ದರ ಗೊತ್ತಾಗಿರುತ್ತದೆ, ಲೆಕ್ಕವೂ ಕಂಪ್ಯೂಟರಿಗೆ ಏರಿರುತ್ತದೆ. ಆದರೆ ಮಾರಾಟದ ಪಟ್ಟಿ ಮಾತ್ರ ಕೈಗೆ ಬರುವುದಿಲ್ಲ. ‘ಪ್ರಿಂಟರ್ ಸಿಗುತ್ತಿಲ್ಲ, ನಾಳೆ ಬನ್ನಿ’ ಎಂಬ ಉತ್ತರ ಕೇಳಿ, ಬಾಡಿಗೆ ಕೊಟ್ಟು ಬಂದ ಬೆಳೆಗಾರ ಬರಿಗೈಯಲ್ಲಿ ಮರಳುತ್ತಾನೆ. ಇಂಥ ನಾಲ್ಕು ದಿನ ಕಳೆದರೆ ಆಡಳಿತ ಮಂಡಳಿಯ ಮುಂದೆ ಒಂದು ಸಲಹೆ ಬರುತ್ತದೆ: ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ತರೋಣ. ಈ ಸಲಹೆಯನ್ನು ಅವಸರದಲ್ಲಿ ಒಪ್ಪಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇದು ಮಲೆನಾಡಿನ ಸಂಘಗಳ ಪಾಡು ಮಾತ್ರವಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಕಡೆಯ ಮಳೆನೀರು ಹರಿದು ಹೋಗುವ ತುಂಗಭದ್ರೆಯ ದಂಡೆಯಲ್ಲಿ, ಸಿಂಧನೂರು ತಾಲ್ಲೂಕಿನ ದಢೇಸುಗೂರಿನ ಸುತ್ತ ಭತ್ತ ಬೆಳೆಯುವ ರೈತನಿಗೂ ಸಾಲ, ಗೊಬ್ಬರಗಳ ರಸೀದಿ ಬೇಕೇ ಬೇಕು. ಅಲ್ಲಿ ಯಂತ್ರಕ್ಕೆ ಬಿಸಿಲು, ಧೂಳಿನ ಕಾಟ. ಇಲ್ಲಿ ಮಳೆಗಾಲದ ಥಂಡಿಯ ಕಾಟ. ಆದರೆ ‘ಪ್ರಿಂಟರ್ ಸಿಗುತ್ತಿಲ್ಲ’ ಎಂಬ ದೂರಿಗೆ ಇವೆರಡೂ ಕಾರಣವಾಗುವುದು ಅಪರೂಪ. ಸಾಮಾನ್ಯವಾಗಿ ತಪ್ಪಿರುವುದು ಅದರ ವಿಳಾಸ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಚೇರಿಯ ರೂಟರ್, ತನಗೆ ಜೋಡಿಸಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಡುತ್ತದೆ. ಇದು ಶಾಶ್ವತವಲ್ಲ, ಗೇಣಿಗೆ ಕೊಟ್ಟಂತೆ. ಕರೆಂಟು ಹೋಗಿ ಬಂದಾಗ, ಅಥವಾ ರೂಟರನ್ನೇ ಬದಲಿಸಿದಾಗ ಪ್ರಿಂಟರಿಗೆ ಬೇರೆ ಸಂಖ್ಯೆ ಸಿಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ. ಹೊಸ ಪ್ರಿಂಟರ್ ತಂದರೂ ವಿಳಾಸ ಖಾಯಂ ಆಗದಿದ್ದರೆ ಮುಂದಿನ ಮಳೆಗಾಲಕ್ಕೆ ಅದೇ ಗೋಳು ತಪ್ಪಿದ್ದಲ್ಲ.

ಆದ್ದರಿಂದ ಸಿಬ್ಬಂದಿ ವರ್ಗದವರು ಈ ಕ್ರಮವನ್ನು ಅನುಸರಿಸಿದರೆ ಒಳ್ಳೆಯದು. ಮೊದಲು ಕಂಪ್ಯೂಟರಿನ ಗೊಡವೆಯಿಲ್ಲದೆ ಪ್ರಿಂಟರಿನ ಗುಂಡಿಯಿಂದಲೇ ಪರೀಕ್ಷಾ ಹಾಳೆ ತೆಗೆಯಬೇಕು. ಹಾಳೆ ಸರಿಯಾಗಿ ಬಂದರೆ ಮುದ್ರಿಸುವ ಭಾಗ ಚೆನ್ನಾಗಿದೆಯೆಂದೇ ಅರ್ಥ. ಯಂತ್ರದ ಜಾಲದ ವಿವರವನ್ನೂ ಹೀಗೆಯೇ ಮುದ್ರಿಸಿಕೊಂಡು ವಿಳಾಸ ನೋಡಬೇಕು. ಅದು 169.254 ಎಂದು ಆರಂಭವಾದರೆ ರೂಟರಿನಿಂದ ವಿಳಾಸವೇ ದೊರೆತಿಲ್ಲ. ಕೇಬಲ್ ಸಡಿಲವಾಗಿದೆಯೇ, ಜೋಡಣೆಯ ಬಳಿಯ ದೀಪ ಉರಿಯುತ್ತಿದೆಯೇ ನೋಡಬೇಕು. ವಿಳಾಸ ಸರಿಯಾಗಿದ್ದು ಕಂಪ್ಯೂಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನು ತಿದ್ದಿ, ಸರತಿಯಲ್ಲಿ ಸಿಕ್ಕಿಕೊಂಡ ಹಳೆಯ ಕಾಗದಗಳನ್ನು ಅಳಿಸಬೇಕು. ಬಳಿಕ ರೂಟರಿನಲ್ಲಿ ಆ ಸಂಖ್ಯೆಯನ್ನು ಪ್ರಿಂಟರಿಗೆಂದೇ ಕಾದಿರಿಸಬೇಕು. ಈ ಕೊನೆಯ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಎರಡು ದಿನದ ಉಪಶಮನವಷ್ಟೆ.

ವೈಫೈ ಪ್ರಿಂಟರುಗಳದ್ದು ಇನ್ನೊಂದು ತರಹ. ಹಳೆಯವುಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಜ್ ತರಂಗ ಮಾತ್ರ ತಿಳಿಯುತ್ತದೆ. ಹೊಸ ರೂಟರಿನ 5 ಗಿಗಾಹರ್ಟ್ಜ್ ಅವಕ್ಕೆ ಕಾಣುವುದೇ ಇಲ್ಲ. ಒಂದು ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರನ್ನು ಇತರರೂ ಹಂಚಿಕೊಂಡು ಬಳಸುವ ಕಚೇರಿಗಳಲ್ಲಿ, 2021ರ ವಿಂಡೋಸ್ ಸುರಕ್ಷತಾ ಪರಿಷ್ಕರಣೆಗಳ ನಂತರ ಅನೇಕ ಕಡೆ ಮುದ್ರಣ ನಿಂತುಹೋಯಿತು. ಆಗ ಕೆಲವರು ಸುರಕ್ಷತೆಯನ್ನೇ ಕಳಚಿಟ್ಟರು. ಸದಸ್ಯರ ಹಣದ ಲೆಕ್ಕವಿರುವ ಜಾಗದಲ್ಲಿ ಅದು ಸಲ್ಲದು. ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಮಟ್ಟಕ್ಕೆ ಪರಿಷ್ಕರಿಸುವುದೇ ಸರಿಯಾದ ದಾರಿ. ಗುಡುಗು ಸಿಡಿಲಿನ ದಿನಗಳಲ್ಲಿ ಕರೆಂಟಿನ ಪ್ಲಗ್ ತೆಗೆದರೆ ಸಾಲದು, ಜಾಲದ ಕೇಬಲನ್ನೂ ಕಳಚಬೇಕು.

ಹಳೆಯದಕ್ಕೂ ಒಂದು ಮಿತಿಯುಂಟು, ನಿಜ. ತಯಾರಕರ ಚಾಲಕ ತಂತ್ರಾಂಶಗಳಿಗೆ ವಿಂಡೋಸ್ ಕೊಡುವ ಬೆಂಬಲವನ್ನು ಹಂತಹಂತವಾಗಿ ಮುಗಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿದೆ. ಇರುವ ತಂತ್ರಾಂಶದ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಜೋಪಾನವಾಗಿ ಇಡುವುದು ಜಾಣತನ. ಬಿಡಿಭಾಗ ಸಿಗದ ಯಂತ್ರವನ್ನು ಬೀಳ್ಕೊಡಲು ನನ್ನ ಆಕ್ಷೇಪಣೆಯಿಲ್ಲ. ಆದರೆ ಆ ತೀರ್ಮಾನ ಪರೀಕ್ಷೆಯ ನಂತರ ಆಗಲಿ, ಬೇಸರದಿಂದ ಬೇಡ.

ನನ್ನ ಮುಖ್ಯ ಕಳಕಳಿ ಬೇರೆಯೇ ಇದೆ. ಪ್ರಿಂಟರಿನ ವಿಳಾಸ, ರೂಟರಿನ ಗುಪ್ತಪದ, ಜೋಡಣೆಯ ಕ್ರಮ ಇವೆಲ್ಲ ಅನೇಕ ಸಂಘಗಳಲ್ಲಿ ಒಬ್ಬ ಗುಮಾಸ್ತರ ಅಥವಾ ಪೇಟೆಯ ರಿಪೇರಿಯವರ ತಲೆಯಲ್ಲಿ ಮಾತ್ರ ಇರುತ್ತವೆ. ಅವರು ರಜೆ ಹಾಕಿದರೆ ಸಂಘವೇ ರಜೆ ಹಾಕಿದ ಹಾಗೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ಇಂದಿನವರೆಗೆ ಸಹಕಾರದ ಆಧಾರ ಎಲ್ಲರಿಗೂ ತೆರೆದ ಲೆಕ್ಕದ ಪುಸ್ತಕ. ಯಂತ್ರಗಳಿಗೂ ಅಂಥದೊಂದು ರಿಜಿಸ್ಟರ್ ಇರಲಿ. ಗುಪ್ತಪದ ಕಾರ್ಯದರ್ಶಿಯ ಬೀರುವಿನಲ್ಲಿರಲಿ. ಉಳಿದ ವಿವರಗಳನ್ನು ಪ್ರಿಂಟರಿನ ಬದಿಯ ಗೋಡೆಗೆ ಅಂಟಿಸಿರಿ. ತೂಕದ ಸುಗ್ಗಿ ಶುರುವಾಗುವ ಮೊದಲೇ ಆಡಳಿತ ಮಂಡಳಿಗಳು ಇದನ್ನೊಂದು ನಿರ್ಣಯವಾಗಿ ಅಂಗೀಕರಿಸಬೇಕೆಂದು ವಿನಂತಿಸುತ್ತೇನೆ. ಇದಕ್ಕೆ ತಗಲುವ ಖರ್ಚು ಒಂದು ನೋಟ್‌ಬುಕ್ಕಿನದು.