ಒಬ್ಬರೇ ದೇವಮ್ಮ, ಎರಡು ಸಾಲು

ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಮಾಡೋ ಟೇಬಲ್‌ಗಳನ್ನ ಒಮ್ಮೆ ನೆನಪು ಮಾಡಿಕೊಳ್ಳಿ. ಸ್ಟೂಡೆಂಟ್, ಎಂಪ್ಲಾಯಿ, ಲೈಬ್ರರಿ. ಹೆಸರೆಲ್ಲ ಇಂಗ್ಲಿಷಿನಲ್ಲಿ. ಔಟ್‌ಪುಟ್ ಬರುತ್ತೆ, ಎಕ್ಸ್‌ಟರ್ನಲ್ ಮಾರ್ಕ್ಸ್ ಕೊಟ್ಟು ಹೋಗ್ತಾರೆ. ನಾನೂ ಹಾಗೇ ಪಾಸಾದವನು.

ಕಳೆದ ಕೊಯ್ಲಿನಲ್ಲಿ ಸಕಲೇಶಪುರದ ಹತ್ತಿರ ನಮ್ಮ ಮಾವನ ಕಾಫಿ ತೋಟದ ಚೆಕ್‌ರೋಲನ್ನು ಕಂಪ್ಯೂಟರಿಗೆ ಹಾಕಲು ಕೂತೆ. ರೈಟರು ಮೊದಲ ವಾರದ ಲೆಕ್ಕವನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅದನ್ನು ಯೂನಿಕೋಡಿಗೆ ತರೋಕೆ ನಾನೇ ಪೈಥಾನ್ ಸ್ಕ್ರಿಪ್ಟ್ ಬರೆದೆ. ಎರಡನೇ ವಾರದ್ದನ್ನು ನೇರ ಯೂನಿಕೋಡಿನಲ್ಲೇ ಟೈಪ್ ಮಾಡಿದೆ. ಬಟವಾಡೆಯ ದಿನ ಒಬ್ಬರಿಗೆ, ದೇವಮ್ಮ ಅಂತ ಇಟ್ಟುಕೊಳ್ಳಿ, ಅರ್ಧ ದುಡ್ಡು ಮಾತ್ರ ಬಂತು. "ಅಲ್ಲ ಕಣಪ್ಪ, ಎರಡು ವಾರ ಹಣ್ಣು ಕುಯ್ದಿದ್ದೀನಲ್ಲ?" ಅಂದರು. ನೋಡಿದರೆ ಪಟ್ಟಿಯಲ್ಲಿ ಅದೇ ಹೆಸರು ಎರಡು ಸಾಲಿನಲ್ಲಿತ್ತು.

ಕಾರಣ ಇಷ್ಟೆ. ಯೂನಿಕೋಡಿನಲ್ಲಿ 'ದೇ' ಅಕ್ಷರದ ಸ್ವರವನ್ನು ಒಂದೇ ಕೋಡ್ ಆಗಿ ಇಡಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಎಂದು ಎರಡು ಕೋಡ್ ಆಗಿಯೂ ಇಡಬಹುದು. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಕೋಡಿಗೂ 3 ಬೈಟ್. ಹಾಗಾಗಿ ನಾನು ಟೈಪ್ ಮಾಡಿದ ದೇವಮ್ಮ 18 ಬೈಟ್, ನನ್ನ ಸ್ಕ್ರಿಪ್ಟಿನಿಂದ ಬಂದ ದೇವಮ್ಮ 21 ಬೈಟ್. ಕಣ್ಣಿಗೆ ಎರಡೂ ಒಂದೇ, ಪೈಥಾನ್ ಡಿಕ್ಷನರಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಎನ್‌ಎಫ್‌ಸಿ ನಾರ್ಮಲೈಸೇಷನ್ ಅಂತ ಒಂದು ಸಾಲಿನ ಕೋಡ್ ಹಾಕಿದ್ದರೆ ಸರಿಹೋಗ್ತಿತ್ತು.

"ಇಂಗ್ಲಿಷಿನಲ್ಲೇ ಹಾಕಿದ್ರೆ ತಲೆನೋವೇ ಇರ್ತಿರಲಿಲ್ಲ" ಅಂದ ಒಬ್ಬ ಗೆಳೆಯ. ಒಪ್ಪಲ್ಲ. ಆಗ ಒಬ್ಬ ಒಂದು 'ಎಂ' ಹಾಕ್ತಾನೆ, ಇನ್ನೊಬ್ಬ ಎರಡು. ಜೊತೆಗೆ ಚೀಟಿಯನ್ನು ಓದಬೇಕಾದವರು ದೇವಮ್ಮ, ನಾವಲ್ಲ.

ನನ್ನ ದೊಡ್ಡ ತಪ್ಪು ಬೇರೆ ಇದೆ: ಹೆಸರನ್ನೇ ಕೀ ಮಾಡಿದ್ದು. ತೋಟದಲ್ಲಿ ನಿಜವಾಗಿಯೂ ಇಬ್ಬರು ದೇವಮ್ಮ ಇದ್ದಿದ್ದರೆ ಒಬ್ಬರ ಕೂಲಿ ಇನ್ನೊಬ್ಬರ ಲೆಕ್ಕಕ್ಕೆ ಸೇರಿಬಿಡ್ತಿತ್ತು. ನಮ್ಮ ಪಹಣಿ ನೋಡಿ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಆಲೂರಿನ ಒಂದು ಜಮೀನನ್ನು ಹುಡುಕಬೇಕಾದರೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಒಂದೊಂದೇ ಮೆಟ್ಟಿಲು ಇಳೀತೀವಿ. ಮಾಲೀಕರು ಬದಲಾದರೂ ಆ ಗುರುತು ಹೆಸರಿನ ಮೇಲೆ ನಿಂತಿಲ್ಲ. ರೈಟರ ಪುಸ್ತಕದಲ್ಲೂ ಪ್ರತಿ ಆಳಿಗೆ ಒಂದು ನಂಬರ್ ಇತ್ತು. ಯಾಕೆ ಬೇಕು ಅಂತ ಆ ಕಾಲಂ ಬಿಟ್ಟವನು ಇಂಜಿನಿಯರಿಂಗ್ ಓದ್ತಿರೋ ನಾನು!

ದೇವಮ್ಮನವರ ಬಾಕಿ ಅಂದೇ ಕೊಟ್ಟೆವು. ಅವರು ಕೇಳದೇ ಹೋಗಿದ್ದರೆ?

ಅದಕ್ಕೇ ಈ ಮಾತು. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಹತ್ತಾದರೂ ಕನ್ನಡ ಹೆಸರು ಹಾಕಿ ಟೆಸ್ಟ್ ಮಾಡಿ. ಹುಡುಕಿದರೆ ಸಿಗ್ತವಾ, ಅಕಾರಾದಿಯಲ್ಲಿ ಸರಿಯಾಗಿ ಕೂರ್ತವಾ, ಒಂದೇ ಹೆಸರಿನ ಇಬ್ಬರು ಬಂದರೆ ಏನಾಗುತ್ತೆ, ನೋಡಿ. ಲ್ಯಾಬಿನಲ್ಲಿ ಸಿಕ್ಕಿಬಿದ್ದ ತಪ್ಪಿಗೆ ಹೋಗೋದು ಎರಡು ಮಾರ್ಕ್ಸ್ ಅಷ್ಟೇ.